‘ಎಸ್ತರಾ’ ಬರೀ ಭವಿಷ್ಯತ್ಕಾಲವಲ್ಲ

ಮಾನ್ಯ ಸಂಪಾದಕರೇ,

ಸ್ಪ್ಯಾನಿಷ್ ಕಲಿಸುವ ಎಷ್ಟೋ ಪಾಠಗಳಲ್ಲಿ ‘ಎಸ್ತರಾ’ ಎಂಬ ಕ್ರಿಯಾರೂಪಕ್ಕೆ ‘ಇರುವನು’ ಎಂದಷ್ಟೇ ಅರ್ಥ ಕೊಟ್ಟು ಮುಂದೆ ಸಾಗುತ್ತಾರೆ. ಆಡುಮಾತಿನಲ್ಲಿ ಎಡವುವುದೇ ಇಲ್ಲಿ. ‘ದೋಂದೆ ಎಸ್ತರಾ ಹ್ವಾನ್?’ ಎಂದು ಯಾರಾದರೂ ಕೇಳಿದರೆ, ಅದು ಬಹುಮಟ್ಟಿಗೆ ನಾಳೆಯ ಮಾತಲ್ಲ. ಹ್ವಾನ್ ಈಗ ಎಲ್ಲಿದ್ದಾನೋ ಎಂಬ ಊಹೆ. ‘ಸೆರಾನ್ ಲಾಸ್ ಓಚೊ’ ಎಂದರೆ ಎಂಟು ಗಂಟೆಯಾಗಿದ್ದೀತು. ನಮ್ಮ ‘ಮನೆಯಲ್ಲಿದ್ದಾನು’, ‘ಆಗಿದ್ದೀತು’ ಮಾಡುವ ಕೆಲಸವನ್ನೇ ಅಲ್ಲಿ ಭವಿಷ್ಯದ್ರೂಪ ಮಾಡುತ್ತದೆ. ಊಹೆ ಸೂಚಿಸುವ ಈ ಸಂಭಾವನಾರ್ಥಕ ರೂಪ ಬಲ್ಲ ಕನ್ನಡಿಗರಿಗೆ ಇದನ್ನು ಹೇಳಿಕೊಡದಿರುವುದು ನಿಜಕ್ಕೂ ನಷ್ಟ.

ಆದರೆ ಎಲ್ಲ ಕ್ರಿಯಾಪದಗಳೂ ಹೀಗೆ ನಡೆದುಕೊಳ್ಳುವುದಿಲ್ಲ. ಇರುವುದು, ಹೊಂದಿರುವುದು, ತಿಳಿದಿರುವುದು ಮುಂತಾದ ಸ್ಥಿತಿಸೂಚಕಗಳಲ್ಲಿ ಊಹೆಯ ಅರ್ಥ ಸಲೀಸಾಗಿ ಬರುತ್ತದೆ. ‘ಕೊಮೆರಾ’ ಎಂದರೆ ಸಾಮಾನ್ಯವಾಗಿ ‘ಮುಂದೆ ತಿನ್ನುತ್ತಾನೆ’ ಎಂದೇ ಅರ್ಥ. ‘ಈಗ ತಿನ್ನುತ್ತಿರಬಹುದು’ ಎನ್ನಲು ‘ಎಸ್ತರಾ ಕೊಮ್ಯೆಂದೊ’ ಬೇಕು. ‘ಬಂದು ತಲುಪಿರಬಹುದು’ ಎನ್ನಲು ‘ಅಬ್ರಾ ಯೆಗಾದೊ’. ನಿಜವಾಗಿ ಮುಂದೆ ಮಾಡಲಿರುವ ಕೆಲಸಕ್ಕೆ ಮಾತಿನಲ್ಲಿ, ಅದರಲ್ಲೂ ಲ್ಯಾಟಿನ್ ಅಮೆರಿಕದಲ್ಲಿ, ‘ಬೊಯ್ ಅ ಕೊಮೇರ್’ ಎಂಬಂಥ ರಚನೆಯೇ ಹೆಚ್ಚು.

ರೂಪರಚನೆ ಸುಲಭ. ಆರ್, ಏರ್, ಈರ್ ಎಂದು ಕೊನೆಯಾಗುವ ಕ್ರಿಯಾಪದಗಳ ಮೂರೂ ಗಣಗಳಿಗೆ ಒಂದೇ ಪ್ರತ್ಯಯಮಾಲೆ (ನಾನು, ನೀನು, ಅವನು, ನಾವು, ನೀವು, ಅವರು ಎಂಬ ಕ್ರಮದಲ್ಲಿ): ಎ, ಆಸ್, ಆ, ಎಮೊಸ್, ಎಯ್ಸ್, ಆನ್. ಇವು ಧಾತುವಿಗಲ್ಲ, ಕ್ರಿಯಾಪದದ ಪೂರ್ಣ ಮೂಲರೂಪಕ್ಕೇ ಅಂಟುತ್ತವೆ. ‘ಅಬ್ಲಾರ್’ (ಮಾತಾಡು) ಇದ್ದದ್ದು ‘ಅಬ್ಲರೇ’ (ಮಾತಾಡುವೆನು) ಆಗುತ್ತದೆ. ಬಳಕೆಯಲ್ಲಿರುವ ಸುಮಾರು 12 ಕ್ರಿಯಾಪದಗಳ ಅಂಗ (ಪ್ರತ್ಯಯ ಅಂಟುವ ಭಾಗ) ಮಾತ್ರ ಬದಲಾಗುತ್ತದೆ: ತೆನೇರ್ (ಹೊಂದಿರು)–ತೆಂದ್ರಾ, ದೆಸೀರ್ (ಹೇಳು)–ದಿರಾ, ಅಸೇರ್ (ಮಾಡು)–ಅರಾ. ಇವನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಒತ್ತಿನ ಗುರುತನ್ನು, ಅಂದರೆ ಒತ್ತಿ ಹೇಳುವ ಸ್ವರದ ಮೇಲೆ ಹಾಕುವ ಗೀಟನ್ನು, ಬಿಡುವಂತೆಯೇ ಇಲ್ಲ. ‘ಎಮೊಸ್’ ಒಂದನ್ನು ಬಿಟ್ಟು ಉಳಿದ ಐದಕ್ಕೂ ಅದು ಬೇಕು. ಕೊನೆಯಲ್ಲಿ ಒತ್ತಿದ್ದರೆ ‘ಅಬ್ಲರಾ’, ಮಾತಾಡುವನು. ಒತ್ತು ಹಿಂದೆ ಸರಿದರೆ ‘ಅಬ್ಲಾರ’, ‘ಒಂದು ವೇಳೆ ಮಾತಾಡಿದರೆ’ ಎಂಬಂಥ ಕಡೆ ಬರುವ ಬೇರೆಯೇ ರೂಪ. ಬರವಣಿಗೆಯಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಆ ಒಂದು ಗೀಟು ಮಾತ್ರ.

‘ಅವನು ಬಂದಾಗ ಹೇಳುತ್ತೇನೆ’ ಎನ್ನುವಲ್ಲಿ ‘ಕ್ವಾಂದೊ’ (ಆಗ, ಯಾವಾಗ) ಆದ ಮೇಲೆ ಭವಿಷ್ಯದ್ರೂಪ ಹಾಕುವುದು ಇನ್ನೊಂದು ತಪ್ಪು. ಅಲ್ಲಿ ‘ಕ್ವಾಂದೊ ಯೇಗೆ’ ಎನ್ನಬೇಕು. ‘ಯಾವಾಗ ಬರುತ್ತಾನೆ?’ ಎಂಬ ಪ್ರಶ್ನೆಯಲ್ಲಾದರೆ ‘ಕ್ವಾಂದೊ ಯೆಗರಾ?’ ಸರಿಯೇ.

– ಸ್ಪ್ಯಾನಿಷ್ ಬೋಧಕರು