ಅಶ್ವಿನಿಗೆ ಶಾಲು ಹೊದೆಸಿದ್ದು ಸಾಕು ಸರ್: ಕ್ರೀಡಾ ಸಚಿವರಿಗೆ ಉಡುಪಿಯ ಮೆಡಿಕಲ್ ಶಾಪಿನವನೊಬ್ಬನ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ ಸರ್. ನಾನು ಉಡುಪಿಯಲ್ಲಿ ಒಂದು ಸಣ್ಣ ಮೆಡಿಕಲ್ ಶಾಪ್ ಇಟ್ಕೊಂಡವ. ಯಾವ ಪಾರ್ಟಿಯವನೂ ಅಲ್ಲ, ಸ್ಪೋರ್ಟ್ಸ್ ಪಂಡಿತನೂ ಅಲ್ಲ. ಮಗಳು ಒಂಬತ್ತನೇ ಕ್ಲಾಸು, 400 ಮೀಟರ್ ಓಡ್ತಾಳೆ, ಹಾಗಾಗಿ ದಿನಾ ಬೆಳಿಗ್ಗೆ ಆರು ಗಂಟೆಗೆ ಅಜ್ಜರಕಾಡು ಸ್ಟೇಡಿಯಂ ಮೆಟ್ಟಿಲ ಮೇಲೆ ಫ್ಲಾಸ್ಕು ಇಟ್ಕೊಂಡು ಕೂತಿರುವ ಅಪ್ಪಂದಿರಲ್ಲಿ ನಾನೂ ಒಬ್ಬ, ಅಷ್ಟೇ ನನ್ನ ಅರ್ಹತೆ.

ವಿಷಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ, ಮತ್ತೆ ಓಡುವ ಮಕ್ಕಳು ಗೊತ್ತಿಲ್ಲದೆ ನುಂಗುವ ನಿಷೇಧಿತ ಮದ್ದು. ಅವರ ಬಗ್ಗೆ ನಿಮಗೆ ಹೊಸತಾಗಿ ಹೇಳುವುದು ಎಂತ ಇಲ್ಲ ಅಂತ ಅನಿಸಬಹುದು, ಆದ್ರೂ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ, ನನ್ನ ಮಗಳಿಗೇ ಗೊತ್ತಿರಲಿಲ್ಲ. ಕುಂದಾಪುರ ತಾಲೂಕಿನ ಸಿದ್ದಾಪುರ, ಅಡಿಕೆ ತೋಟದ ಮನೆ. (ಸಿದ್ದಾಪುರ ಅಂದ ಕೂಡಲೇ ಬೆಂಗಳೂರಿನವರು ಶಿರಸಿ ಪಕ್ಕದ್ದಾ ಕೇಳ್ತಾರೆ. ಅಲ್ಲ, ಇದು ನಮ್ಮ ಕುಂದಾಪುರದ್ದು.) 2010ರ ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಗೇಮ್ಸ್, 4x400 ರಿಲೇ, ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ, ಮನ್‌ದೀಪ್ ಕೌರ್, ಟೈಮು 3:27.77, ನೈಜೀರಿಯಾ ಇಂಗ್ಲೆಂಡ್ ಎರಡೂ ಹಿಂದೆ. ಮೂರನೇ ಸುತ್ತು ನಮ್ಮ ಹುಡುಗಿದು. ಆ ದಿನ ನಾನು ಅಂಗಡಿಯ ಟಿವಿಯಲ್ಲಿ ನೋಡ್ತಾ ಇದ್ದೆ, ಪ್ಯಾರಾಸಿಟಮಾಲ್ ಕೇಳ್ಲಿಕ್ಕೆ ಬಂದ ಒಬ್ಬರು ಅಜ್ಜಿ ಜ್ವರ ಮರ್ತು ನನ್ನೊಟ್ಟಿಗೆ ನಿಂತು ಚಪ್ಪಾಳೆ ಹೊಡೆದಿದ್ರು. 1958ರಲ್ಲಿ ಮಿಲ್ಖಾ ಸಿಂಗ್ ಕಾರ್ಡಿಫ್‌ನಲ್ಲಿ ಗೆದ್ದ ಮೇಲೆ ಕಾಮನ್‌ವೆಲ್ತ್ ಟ್ರ್ಯಾಕ್ ಓಟದಲ್ಲಿ ನಮಗೆ ಚಿನ್ನ ಬಂದದ್ದು ಅವತ್ತೇ.

ಆಮೇಲೆ ಸರಿಯಾಗಿ ಒಂದೂವರೆ ತಿಂಗಳಿಗೆ ಗುವಾಂಗ್‌ಝೌ ಏಷ್ಯನ್ ಗೇಮ್ಸ್. ಅಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, 56.15 ಸೆಕೆಂಡು, ಅದೂ ಚೀನಾದವರ ನೆಲದಲ್ಲಿ ಚೀನಾದವಳನ್ನೇ ಹಿಂದೆ ಹಾಕಿ. ಹರ್ಡಲ್ಸ್ ಅಂದ್ರೆ ಎಂತ ಅಂತ ನಾನು ಮೊನ್ನೆ ಮೊನ್ನೆ ಮಗಳ ಕೋಚ್ ಹೇಳಿದ ಮೇಲೆಯೇ ಸರಿಯಾಗಿ ತಿಳ್ಕೊಂಡದ್ದು. ಹತ್ತು ಅಡ್ಡಗಟ್ಟು, ಹೆಂಗಸರದ್ದು ಎರಡೂವರೆ ಅಡಿ ಎತ್ತರ, ಮೊದಲನೇದಕ್ಕೆ 45 ಮೀಟರ್, ಆಮೇಲೆ ಪ್ರತಿ ಒಂದಕ್ಕೂ 35, ಕೊನೆಯದ್ದು ದಾಟಿದ ಮೇಲೆ 40 ಮೀಟರ್ ಬರೀ ಉಸಿರು ಕಟ್ಟಿ ಓಡುದು. ನಡುವೆ ಹೆಜ್ಜೆ ಲೆಕ್ಕ ತಪ್ಪಿದ್ರೆ ಮುಗೀತು, ಕಾಲು ಬದಲಾಗ್ತದೆ, ರಿದಂ ಹೋಗ್ತದೆ. ಕಾಲು ಸೋಲುವಾಗ ಲೆಕ್ಕ ಇಡುವುದು, ಅದೇ ಆ ಆಟ. ಏಷ್ಯನ್ ಗೇಮ್ಸ್‌ನಲ್ಲಿ ಈ ಇವೆಂಟ್ ಗೆದ್ದ ಭಾರತದ ಹೆಣ್ಣುಮಕ್ಕಳು ಇವತ್ತಿಗೂ ಮೂರೇ ಮೂರು ಜನ: 1982ರಲ್ಲಿ ಎಂ.ಡಿ. ವಲ್ಸಮ್ಮ, 1986ರಲ್ಲಿ ಪಿ.ಟಿ. ಉಷಾ, 2010ರಲ್ಲಿ ನಮ್ಮ ಅಶ್ವಿನಿ. ಮರುದಿನ ರಿಲೇಯಲ್ಲೂ ಚಿನ್ನ. ಊರಲ್ಲಿ ಫ್ಲೆಕ್ಸೇ ಫ್ಲೆಕ್ಸು. ಹಾರ, ಪೇಟ, ಶಾಲು, ಹಣ್ಣಿನ ಬುಟ್ಟಿ.

ಮತ್ತೆ ಎಂಟು ತಿಂಗಳು ಆಗಿರಲಿಲ್ಲ. 2011ರ ಜುಲೈ, ಜಪಾನಿನ ಕೋಬೆಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ಪಿಗೆ ಟೀಮ್ ಹೊರಡುವ ಹೊತ್ತಿಗೆ ಡೋಪ್ ಟೆಸ್ಟಿನ ರಿಪೋರ್ಟ್ ಬಂತು, ಮೆಥಾಂಡಿಯೆನೋನ್, ಅನಬಾಲಿಕ್ ಸ್ಟೀರಾಯ್ಡ್, ಅಂದ್ರೆ ಮಾಂಸಖಂಡ ಬೆಳೆಸುವ ನಿಷೇಧಿತ ಮದ್ದು. ಅಶ್ವಿನಿ ಒಬ್ಬರೇ ಅಲ್ಲ, ಮನ್‌ದೀಪ್, ಸಿನಿ ಜೋಸ್, ಜೌನಾ ಮುರ್ಮು, ಪ್ರಿಯಾಂಕಾ ಪನ್ವಾರ್, ಟಿಯಾನಾ ಮೇರಿ ಥಾಮಸ್, ಒಟ್ಟು ಆರು ಜನ 400 ಮೀಟರ್ ಹುಡುಗಿಯರು ಒಂದೇ ಸಮಯಕ್ಕೆ ಸಿಕ್ಕಿಬಿದ್ರು. ಅವರು ಹೇಳಿದ್ದು ಕೋಚ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಅನ್ನುವ ಬೇರಿನ ಕ್ಯಾಪ್ಸೂಲಿನಿಂದ ಬಂತು ಅಂತ. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನ ಮನೆಗೆ ಕಳಿಸಿದ್ರು. ನಮ್ಮ ದೇಶದ ಪ್ಯಾನೆಲ್ಲು ಇವರ ದೊಡ್ಡ ತಪ್ಪಿಲ್ಲ ಅಂತ ಒಂದು ವರ್ಷ ಬ್ಯಾನ್ ಹಾಕಿತು, ಆದ್ರೆ 2012ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಕೋರ್ಟು ಅದನ್ನ ಎರಡು ವರ್ಷ ಮಾಡಿತು, ಅಲ್ಲಿಗೆ ಲಂಡನ್ ಒಲಿಂಪಿಕ್ಸ್ ಹೋಯ್ತು. 2010ರ ಮೆಡಲುಗಳು ಇವತ್ತಿಗೂ ಅವರದ್ದೇ, ಅದರಲ್ಲಿ ಪ್ರಶ್ನೆ ಇಲ್ಲ. ಆದ್ರೆ 24, 25ನೇ ವಯಸ್ಸು ವಾಪಸ್ ಬರುದಿಲ್ಲ ಅಲ್ವಾ ಸರ್.

ಫ್ಲೆಕ್ಸು ಹಾಕಿದವರು ಯಾರೂ ಆಮೇಲೆ ಮಾತಾಡ್ಲಿಲ್ಲ. ಕೆಲವರು ನಗಾಡಿದ್ರು, ಕೆಲವರು ಪಾಪ ಅಂದ್ರು. ನಾನು ಆಗ ಎರಡನೇ ಗುಂಪಿನವ. ಇಲ್ಲಿ ನಾನು ಅವರ ವಕಾಲತ್ತು ಮಾಡ್ಲಿಕ್ಕೆ ಬಂದದ್ದಲ್ಲ ಅಂತ ಸ್ಪಷ್ಟ ಹೇಳ್ತೇನೆ. ಡೋಪಿಂಗ್ ರೂಲ್ಸಿನಲ್ಲಿ ಒಂದು ಕಟ್ಟುನಿಟ್ಟಿನ ಮಾತುಂಟು, ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಜವಾಬ್ದಾರಿ, ಯಾರು ಕೊಟ್ರು ಹೇಗೆ ಬಂತು ಅದೆಲ್ಲ ಶಿಕ್ಷೆ ಕಮ್ಮಿ ಮಾಡ್ಲಿಕ್ಕೆ ಮಾತ್ರ. ರೂಲ್ಸು ಇರಬೇಕು, ಸರಿಯೇ. ಆದ್ರೆ ಜವಾಬ್ದಾರಿ ಹುಡುಗಿದು ಅಂತ ಆದ ಮೇಲೆ ಹುಡುಗಿಗೆ ಅದನ್ನ ಕಲಿಸುವವರು ಯಾರು? ನನ್ನ ಪತ್ರ ಇಷ್ಟೇ, ಇದೊಂದೇ ಪ್ರಶ್ನೆ.

ಯಾಕೆ ಕೇಳ್ತೇನೆ ಅಂದ್ರೆ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ಆದ ಕತೆ. ಮಗಳಿಗೆ ಕೆಮ್ಮು. ನಮ್ಮ ಊರಿನ ಜುಲೈ ಮಳೆ ಗೊತ್ತುಂಟಲ್ಲ, ಬಟ್ಟೆ ಒಣಗುದಿಲ್ಲ ಕೆಮ್ಮು ಹೋಗುದಿಲ್ಲ. ನಾನೇ ಅಂಗಡಿಯ ಶೆಲ್ಫಿನಿಂದ ಒಂದು ಸಿರಪ್ ತೆಗೆದು ಕೊಟ್ಟೆ, ಇಪ್ಪತ್ತು ವರ್ಷದಿಂದ ಎಲ್ಲರಿಗೂ ಕೊಡುವ ಸಿರಪ್ಪೇ. ಮಗಳು ಅದನ್ನ ಬ್ಯಾಗಲ್ಲಿ ಹಾಕ್ಕೊಂಡು ಗ್ರೌಂಡಿಗೆ ಹೋದ್ಲು. ಅಲ್ಲಿ ನ್ಯಾಷನಲ್ಸ್ ಓಡಿದ ಒಬ್ಬಳು ಸೀನಿಯರ್ ಹುಡುಗಿ ಬಾಟ್ಲಿ ತಿರುಗಿಸಿ ನೋಡಿ ಕೇಳಿದ್ಲಂತೆ, ಇದ್ರಲ್ಲಿ ಟರ್ಬುಟಲಿನ್ ಉಂಟಲ್ಲ, ನಿನ್ನ ಅಪ್ಪ ಮೆಡಿಕಲ್‌ನವರಲ್ವಾ ಅಂತ. ಮಗಳು ಬಂದು ನನ್ನ ಮುಖ ನೋಡಿದ್ಲು. ಡಿ.ಫಾರ್ಮಾ ಸರ್ಟಿಫಿಕೇಟು ಗೋಡೆ ಮೇಲೆ ಫ್ರೇಮ್ ಹಾಕಿ ತೂಗಿಸಿದ್ದೇನೆ ಮಾರಾಯ್ರೆ, ನಾಚಿಕೆ ಆಯ್ತು. ಅದು ದಮ್ಮಿಗೆ, ಕೆಮ್ಮಿಗೆ ಕೊಡುವ ಮದ್ದು ಅಂತ ಗೊತ್ತು, ಡೋಸ್ ಗೊತ್ತು, ಸೈಡ್ ಎಫೆಕ್ಟ್ ಗೊತ್ತು. ಆದ್ರೆ ವಾಡಾ, ಅಂದ್ರೆ ಜಗತ್ತಿನ ಡೋಪಿಂಗ್ ತಡೆ ಸಂಸ್ಥೆಯ ಲಿಸ್ಟಲ್ಲಿ ಅದು ವರ್ಷವಿಡೀ ನಿಷೇಧ, ಕಾಂಪಿಟಿಷನ್ ಇರಲಿ ಇಲ್ಲದಿರಲಿ, ಇದು ಗೊತ್ತಿರಲಿಲ್ಲ.

ಆ ರಾತ್ರಿ ಅಂಗಡಿ ಶಟರ್ ಅರ್ಧ ಎಳೆದು ಲಿಸ್ಟ್ ಹಿಡ್ಕೊಂಡು ಒಂದೊಂದೇ ಶೆಲ್ಫು ನೋಡಿದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೋಎಫೆಡ್ರಿನ್ ಮಾತ್ರೆ ಒಂದು ಮಿತಿ ದಾಟಿದ್ರೆ ಕಾಂಪಿಟಿಷನ್ ದಿನ ತೊಂದರೆ. ಅಲರ್ಜಿಗೆ, ಮೈ ತುರಿಕೆಗೆ ಬರೆದುಕೊಡುವ ಪ್ರೆಡ್ನಿಸೊಲೋನ್ ಮಾತ್ರೆ, ಅದೂ ಕಾಂಪಿಟಿಷನ್ ಹೊತ್ತಿಗೆ ನಿಷೇಧ. ದಮ್ಮಿನ ಸಾಲ್‌ಬುಟಮಾಲ್ ಪಫ್ ಲೆಕ್ಕದಲ್ಲಿ ತಕೊಂಡ್ರೆ ಪರ್ವಾಗಿಲ್ಲ, ಅದೇ ಮದ್ದು ಸಿರಪ್ಪಾಗಿ ಕುಡಿದ್ರೆ ಆಗುದಿಲ್ಲ. ಒಂದೇ ಮದ್ದು, ಎಳೆದ್ರೆ ಸರಿ ಕುಡಿದ್ರೆ ತಪ್ಪು, ಇದನ್ನ ಒಂಬತ್ತನೇ ಕ್ಲಾಸಿನ ಮಗು ಎಲ್ಲಿಂದ ಊಹಿಸ್ಬೇಕು? ಕಾಯಿಲೆಗೆ ಅದೇ ಮದ್ದು ಬೇಕೇ ಬೇಕು ಅಂತ ಇದ್ರೆ ಮೊದಲೇ ಅರ್ಜಿ ಹಾಕಿ ಪರ್ಮಿಷನ್ ತಕೊಳ್ಳುವ ವ್ಯವಸ್ಥೆ ಉಂಟು, ಅದೂ ನನಗೆ ಅವತ್ತೇ ಗೊತ್ತಾದದ್ದು. ಇನ್ನು ಆ ದೊಡ್ಡ ದೊಡ್ಡ ಪ್ರೋಟೀನ್ ಡಬ್ಬಿಗಳ ಕತೆ ಬೇರೆ. ತಿಂಗಳಿಗೆ ನಾಲ್ಕೈದು ಪೋಷಕರಾದ್ರೂ ಬಂದು ಮಗನಿಗೆ ಸ್ಟ್ಯಾಮಿನಾಕ್ಕೆ ಎಂತಾದ್ರೂ ಕೊಡಿ ಅಂತಾರೆ. ನಾನು ಬಾಳೆಹಣ್ಣು, ಮೊಟ್ಟೆ, ಗಂಜಿ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಡಬ್ಬಿ ಮೇಲೆ ಬರೆದದ್ದೇ ಒಳಗೆ ಉಂಟಾ, ಬರೆಯದ್ದು ಬೇರೆ ಎಂತದೋ ಉಂಟಾ, ದೇವರಿಗೇ ಗೊತ್ತು. ಅಶ್ವಿನಿಯವರು ಜಿನ್‌ಸೆಂಗ್ ಅಂತ ನಂಬಿ ನುಂಗಿದ್ದು ನನಗೆ ಈಗ ಅರ್ಥ ಆಗ್ತದೆ, ನಾನು ಅಂಗಡಿಯವನೇ ನಂಬಿದ್ದೆನಲ್ಲ.

ಮತ್ತೆ ಇದು ಅಶ್ವಿನಿ ಒಬ್ಬರ ಕಾಲಕ್ಕೆ ಮುಗಿದ ಮಾತಲ್ಲ. ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ, 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಕಂಚು, ಅಲ್ಲಿಯೂ 2018ರ ಜಕಾರ್ತಾದಲ್ಲಿಯೂ ರಿಲೇ ಚಿನ್ನ, 2015ರಲ್ಲಿ ಅರ್ಜುನ ಪ್ರಶಸ್ತಿ. ಮಂಗಳಾ ಸ್ಟೇಡಿಯಂನಲ್ಲಿ ಓಡುವ ಮಕ್ಕಳಿಗೆ ಅವರೇ ಅಕ್ಕ. ಅವರಿಗೂ 2021ರ ಟೆಸ್ಟಿನಲ್ಲಿ ಮೀಥೈಲ್‌ಹೆಕ್ಸೇನಮೈನ್ ಅನ್ನುವ ನಿಷೇಧಿತ ಉತ್ತೇಜಕ ಸಿಕ್ಕಿ, ಮೊದಲು ಮೂರು ತಿಂಗಳು ಬ್ಯಾನ್ ಅಂದದ್ದು 2022ರಲ್ಲಿ ಅಪೀಲಿನಲ್ಲಿ ಎರಡು ವರ್ಷ ಆಯ್ತು. ಕರಾವಳಿಯ ಇಬ್ಬರು ದೊಡ್ಡ 400 ಮೀಟರ್ ಓಟಗಾರ್ತಿಯರು, ಹತ್ತು ವರ್ಷದ ಅಂತರದಲ್ಲಿ ಇಬ್ಬರೂ ಎಡವಿದ್ದು ಹರ್ಡಲ್ಸಿಗೆ ಅಲ್ಲ. ದೇಶದ ಲೆಕ್ಕ ನೋಡಿದ್ರೆ 2023ರಲ್ಲಿ 5606 ಸ್ಯಾಂಪಲ್ ತೆಗೆದದ್ದರಲ್ಲಿ 213 ಪಾಸಿಟಿವ್ ಅಂತ ವಾಡಾ ಹೇಳಿದೆ, ಜಾಸ್ತಿ ಟೆಸ್ಟ್ ಮಾಡುವ ದೇಶಗಳಲ್ಲಿ ಪಾಸಿಟಿವ್ ಪ್ರಮಾಣ ನಮ್ಮದೇ ಮೇಲೆ. ಎಲ್ಲರೂ ಪಾಪದವರು ಅಂತ ನಾನು ಹೇಳುದಿಲ್ಲ, ಬೇಕಂತಲೇ ಸೂಜಿ ಹಾಕ್ಕೊಳ್ಳುವವರೂ ಇದ್ದಾರೆ, ಅವರನ್ನ ಹಿಡೀಬೇಕು. ಆದ್ರೆ ಗೊತ್ತಿಲ್ಲದೆ ಬೀಳುವ ಮಗುವನ್ನ ತಡೀಲಿಕ್ಕೆ ಕಾಸು ಎಷ್ಟು ಬೇಕು ಸರ್? ಒಂದು ಫ್ಲೆಕ್ಸಿಗೆ ಆಗುವಷ್ಟು ಬೇಡ.

ನೀವು ಹೇಳಬಹುದು, ಇದು ನಾಡಾದ, ಅಂದ್ರೆ ದೇಶದ ಡೋಪಿಂಗ್ ತಡೆ ಸಂಸ್ಥೆಯ ಕೆಲಸ, ಕೇಂದ್ರದ್ದು, 2022ರಲ್ಲಿ ಅದಕ್ಕೆ ಕಾಯ್ದೆಯೇ ಬಂದಿದೆ ಅಂತ. ಬಂದಿದೆ. ನಾಡಾದ್ದು ಮದ್ದಿನ ಹೆಸರು ಹಾಕಿದ್ರೆ ನಿಷೇಧವಾ ಅಲ್ವಾ ಹೇಳುವ ಆ್ಯಪ್ಪೂ ಉಂಟು, ಈಗ ನನ್ನ ಫೋನಲ್ಲೂ ಉಂಟು, ಒಳ್ಳೆ ಆ್ಯಪ್. ಆದ್ರೆ ಸ್ಪೋರ್ಟ್ಸ್ ಸಂವಿಧಾನದ ಪ್ರಕಾರ ರಾಜ್ಯದ ಪಟ್ಟಿಯಲ್ಲಿರುವುದು, ಕ್ರೀಡಾ ಹಾಸ್ಟೆಲ್ ನಿಮ್ಮದು, ತಾಲೂಕು ಸ್ಟೇಡಿಯಂ ನಿಮ್ಮದು, ಪಿಟಿ ಮೇಷ್ಟ್ರು ಸರ್ಕಾರದವರು. ನಾಡಾದವರು ಬೈಂದೂರಿಗೋ ಹೆಬ್ರಿಗೋ ಬಂದು ಕನ್ನಡದಲ್ಲಿ ಹೇಳ್ತಾರೆ ಅಂತ ಕಾದ್ರೆ ನನ್ನ ಮಗಳು ಅಜ್ಜಿ ಆಗ್ತಾಳೆ.

ಹಾಗಾಗಿ ಕೇಳುದು ಇಷ್ಟು. ದಸರಾ ಕ್ರೀಡಾಕೂಟ ತಾಲೂಕಿನಿಂದ ಮೈಸೂರಿನವರೆಗೆ ನಿಮ್ಮ ಇಲಾಖೆಯೇ ನಡೆಸುದಲ್ವಾ, ಚೆಸ್ಟ್ ನಂಬರ್ ಕೊಡುವ ಟೇಬಲ್ಲಿನ ಪಕ್ಕ ಇನ್ನೊಂದು ಟೇಬಲ್ ಹಾಕಿ, ಒಬ್ಬ ಫಾರ್ಮಸಿಸ್ಟನ್ನ ಕೂರಿಸಿ, ಮಕ್ಕಳು ಬ್ಯಾಗಲ್ಲಿ ಎಂತ ಮದ್ದು ಇಟ್ಕೊಂಡಿದ್ದಾರೆ ನೋಡಿ ಹೇಳ್ಲಿ. ಎರಡು ಪುಟದ ಒಂದು ಕನ್ನಡ ಹಾಳೆ, ಕಂಪನಿ ಹೆಸರಲ್ಲ, ಒಳಗಿನ ಮದ್ದಿನ ಹೆಸರು ದೊಡ್ಡ ಅಕ್ಷರದಲ್ಲಿ. ಹಾಸ್ಟೆಲ್ ವಾರ್ಡನ್ನಿಗೂ ಪಿಟಿ ಮೇಷ್ಟ್ರಿಗೂ ವರ್ಷಕ್ಕೆ ಒಂದು ದಿನ ಕ್ಲಾಸು, ನಮ್ಮಂಥ ಮೆಡಿಕಲ್ ಅಂಗಡಿಯವರನ್ನೂ ಕರೀರಿ, ನಾವು ಬರ್ತೇವೆ, ನನಗಂತೂ ಸಂಬಳ ಬೇಡ, ಚಾ ಕೊಟ್ರೆ ಸಾಕು.

ಮತ್ತೆ ಅಶ್ವಿನಿಯವರನ್ನ ಕರೀರಿ. ದೀಪ ಹಚ್ಚಿಸ್ಲಿಕ್ಕೆ ಬೇಡ. ಅವರು ಒಪ್ಪಿದ್ರೆ, ಸರಿಯಾದ ಗೌರವಧನ ಕೊಟ್ಟು, ಹಾಸ್ಟೆಲಿನ ಹುಡುಗಿಯರ ಎದುರು ಒಂದು ಗಂಟೆ ಕೂರಿಸಿ. ಮೈಕು ಬೇಡ, ಪ್ರೆಸ್ಸು ಬೇಡ, ನೀವೂ ಬೇಡ, ತಪ್ಪು ತಿಳೀಬೇಡಿ. ಹತ್ತನೇ ಹರ್ಡಲ್ ದಾಟಿದ ಮೇಲಿನ 40 ಮೀಟರಿನ ಬಗ್ಗೆಯೂ ಹೇಳ್ಲಿ, ಯಾರಾದ್ರೂ ಕೈಗೆ ಕ್ಯಾಪ್ಸೂಲ್ ಇಟ್ರೆ ಮೊದಲು ಎಂತ ಕೇಳ್ಬೇಕು ಅಂತಲೂ ಹೇಳ್ಲಿ. ಎರಡನ್ನೂ ಅವರಷ್ಟು ತಿಳಿದು ಹೇಳುವವರು ಈ ರಾಜ್ಯದಲ್ಲಿ ಬೇರೆ ಯಾರಿದ್ದಾರೆ?

ನಿಮ್ಮ ಆಫೀಸಿನಿಂದ ಯಾರಾದ್ರೂ ಉಡುಪಿಗೆ ಬಂದ್ರೆ ಬೆಳಿಗ್ಗೆ ಆರರಿಂದ ಎಂಟರವರೆಗೆ ನಾನು ಅಜ್ಜರಕಾಡಿನಲ್ಲೇ ಸಿಗ್ತೇನೆ. ಆ ಕನ್ನಡ ಹಾಳೆಯ ಒಂದು ಕಚ್ಚಾ ಪ್ರತಿ ನಾನೇ ಬರೆದು ಜೆರಾಕ್ಸ್ ಮಾಡಿ ಇಟ್ಟಿದ್ದೇನೆ, ತಪ್ಪಿದ್ರೆ ತಿದ್ದಿ.

ಇಂತಿ,
ಒಬ್ಬ ಮೆಡಿಕಲ್ ಶಾಪಿನವ, ಓಡುವ ಹುಡುಗಿಯ ಅಪ್ಪ
ಉಡುಪಿ