ಒಂದೇ ಸೊಂಟ ನೋವಿಗೆ ಎಷ್ಟು ರೇಟು? ಆರೋಗ್ಯ ಸಚಿವರಿಗೆ ಕಾವೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಮಂಗಳೂರಿನ ಕಾವೂರಿನವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಿಷಯ ನನ್ನ ಅಮ್ಮನ ಸೊಂಟ ನೋವು. ಇದಕ್ಕೆಲ್ಲ ಸಚಿವರಿಗೆ ಪತ್ರ ಬರೆಯುವುದಾ ಅಂತ ಮೊದಲು ನನಗೂ ಅನಿಸಿತ್ತು. ಖರ್ಚಿನ ಪುಸ್ತಕ ಕೂಡಿಸಿ ನೋಡಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಅಮ್ಮನಿಗೆ 61 ವರ್ಷ. 38 ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ತಲೆ ಬಗ್ಗಿಸಿ, ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಜಾಗದಲ್ಲಿ. ಆ ಬೀಡಿಯ ದುಡ್ಡಿನಲ್ಲೇ ನಾನು ಬಿಎಡ್ ಮುಗಿಸಿದ್ದು. ನಮ್ಮ ಕಡೆ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಮುಂದೆ ಸಾಲಾಗಿ ನಿಂತ ಹೆಂಗಸರನ್ನು ಮಾತಾಡಿಸಿ ನೋಡಿ. ಸೊಂಟ, ಕುತ್ತಿಗೆ, ಭುಜ, ಮೊಣಕಾಲು, ಇವುಗಳಲ್ಲಿ ಒಂದಾದರೂ ನೋಯದವರು ಸಿಗುವುದು ಕಷ್ಟ. ದೋಣಿ ನಿಲ್ಲುವ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರದ್ದೂ, ಅಡಿಕೆ ಮರ ಹತ್ತುವವರದ್ದೂ ಅದೇ ಕಥೆ.

ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಮ್ಮನ ಸೊಂಟ ಹಿಡಿದುಕೊಂಡಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಮೊದಲು ಹತ್ತಿರದ ಕ್ಲಿನಿಕ್ಕಿನ ಡಾಕ್ಟರ್ ಹತ್ತಿರ ಹೋದೆವು. ಇಂಜೆಕ್ಷನ್, ಮಾತ್ರೆ ಎಲ್ಲ ಸೇರಿ 450 ರೂಪಾಯಿ. "ಸ್ವಲ್ಪ ದಿನ ನೋಡಿ, ಮಲಗಿಯೇ ಇರಬೇಡಿ, ಮೆಲ್ಲ ನಡೆದಾಡಿ" ಅಂದರು. ಐದು ದಿನಕ್ಕೆ ನಮಗೆ ತಾಳ್ಮೆ ತಪ್ಪಿತು. ಎಲುಬಿನ ಡಾಕ್ಟರಿಗೇ ತೋರಿಸಿ ಅಂತ ನೆಂಟರೆಲ್ಲ ಹೇಳತೊಡಗಿದರು.

ಪೇಟೆಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಫೀಸು 600. ಎಕ್ಸ್‌ರೇ 500. ರಕ್ತ ಪರೀಕ್ಷೆ 1,350. ಎಂಆರ್‌ಐ 7,500. ಹದಿನೈದು ದಿನದ ಮಾತ್ರೆ 1,900. ಸೊಂಟದ ಬೆಲ್ಟ್ 950. ಒಟ್ಟು 12,800. ಇದರಲ್ಲಿ ಯಾವುದನ್ನೂ ಯಾರೂ ಮೊದಲೇ ಹೇಳಲಿಲ್ಲ. ಒಂದೊಂದೇ ಕೌಂಟರಿನಲ್ಲಿ, ಒಂದೊಂದೇ ಚೀಟಿಯಲ್ಲಿ ಗೊತ್ತಾಯಿತು. ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕ್ ಸವೆದಿದೆ, ಉಬ್ಬಿದೆ ಅಂತ ಬರೆದಿತ್ತು. ಅದನ್ನು ಕೇಳಿದ ಮೇಲೆ ಅಮ್ಮ ಬಾವಿಯಿಂದ ಒಂದು ಕೊಡ ನೀರು ಎತ್ತಲೂ ಹೆದರಿದರು. ನೋವಿಗಿಂತ ಆ ಕಾಗದ ಅವರನ್ನು ಜಾಸ್ತಿ ಮಲಗಿಸಿತು.

ಆಮೇಲೆ ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ. ಒಂದು ಸಿಟ್ಟಿಂಗಿಗೆ 450, ಹತ್ತು ಸಿಟ್ಟಿಂಗಿಗೆ 4,500. ಹೋಗಿ ಬರುವ ಆಟೋಕ್ಕೆ ದಿನಕ್ಕೆ 360, ಹತ್ತು ದಿನಕ್ಕೆ 3,600. ಶಕ್ತಿ ಯೋಜನೆ ಇದೆಯಲ್ಲ ಅನ್ನಬಹುದು. ನಮ್ಮ ಊರಿನ ರಸ್ತೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸು. ಅದರಲ್ಲಿ ಉಚಿತ ಪ್ರಯಾಣ ಇಲ್ಲ. ಸೊಂಟ ಹಿಡಿದವರು ಆ ಬಸ್ಸಿನ ಮೆಟ್ಟಿಲು ಹತ್ತುವ ಹಾಗೂ ಇಲ್ಲ. ಚಿಕಿತ್ಸೆಯ ರೇಟು ಹೋಲಿಸುವವರು ಈ ಆಟೋ ಬಾಡಿಗೆಯನ್ನು ಯಾವಾಗಲೂ ಮರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಫಿಸಿಯೋಥೆರಪಿಯ ಹತ್ತಿರ ಹತ್ತಿರಕ್ಕೆ ಬಂದಿದೆ.

ನಡುವೆ ಅಮ್ಮನ ಮನಸ್ಸು ಆಯುರ್ವೇದದ ಕಡೆ ಹೋಯಿತು. ಒಂದು ಖಾಸಗಿ ಆಯುರ್ವೇದ ಆಸ್ಪತ್ರೆಯಲ್ಲಿ ಏಳು ದಿನ ಕಟಿಬಸ್ತಿ (ಸೊಂಟದ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಚಿಕಿತ್ಸೆ), ದಿನಕ್ಕೆ 900ರ ಹಾಗೆ 6,300. ಕಷಾಯ, ತೈಲ 1,750. ಬಿಸಿ ಎಣ್ಣೆ ಹಾಕಿದಾಗ ಹಿತವಾಗುತ್ತದೆ ಅಂತ ಅಮ್ಮ ಹೇಳುತ್ತಿದ್ದರು. ಅಲ್ಲಿಯ ವೈದ್ಯರು ಅವರ ಮಾತನ್ನು ಅರ್ಧ ಗಂಟೆ ಕೂತು ಕೇಳಿದ್ದನ್ನು ನಾನು ಮರೆಯುವುದಿಲ್ಲ.

ಕೊನೆಗೆ ಮನೆಯ ಹತ್ತಿರವೇ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇರುವುದು ಗೊತ್ತಾಯಿತು. ಸಿಟ್ಟಿಂಗಿಗೆ 250. ಆರು ಸಲ ಹೋದೆವು, 1,500. ಆ ಹುಡುಗಿ ಮಿಷನ್ ಇಡಲೇ ಇಲ್ಲ. ನಾಲ್ಕು ವ್ಯಾಯಾಮ ಕಲಿಸಿದಳು. ಕೂರುವ ಮಣೆ ಎತ್ತರ ಮಾಡಿಸಿದಳು. "ಅಮ್ಮಾ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ" ಅಂದಳು. ಏಳನೆಯ ಸಲ ಹೋದಾಗ, ಇನ್ನು ಬರಬೇಕಾಗಿಲ್ಲ ಅಂತ ದುಡ್ಡು ತೆಗೆದುಕೊಳ್ಳದೆ ಕಳಿಸಿದಳು.

ಒಟ್ಟು 30,900 ರೂಪಾಯಿ. ಅಮ್ಮನಿಗೆ ಬರುವ ಗೃಹಲಕ್ಷ್ಮಿಯ 2,000ದ ಲೆಕ್ಕದಲ್ಲಿ ಹದಿನೈದು ತಿಂಗಳಿಗಿಂತ ಜಾಸ್ತಿ. ಈಗ ಅಮ್ಮ ಚೆನ್ನಾಗಿದ್ದಾರೆ. ಯಾವುದರಿಂದ ಗುಣವಾಯಿತು ಅಂತ ಕೇಳಿದರೆ ಎಲ್ಲದಕ್ಕೂ ಕೈ ಮುಗಿಯುತ್ತಾರೆ. ಆದರೆ ಮೊದಲ ದಿನ 450 ರೂಪಾಯಿಗೆ ಸಿಕ್ಕಿದ ಮಾತೂ, ಕೊನೆಗೆ ಆ ಹುಡುಗಿ ಹೇಳಿದ ಮಾತೂ ಹೆಚ್ಚು ಕಡಿಮೆ ಒಂದೇ ಅಲ್ವಾ ಸರ್?

ಇದು ನಮ್ಮೊಬ್ಬರ ಮನೆಯ ಕಥೆ ಅಂತ ಬಿಡಬಹುದಿತ್ತು. ಆದರೆ ಗಣಿತದವಳಿಗೆ ಒಂದು ಲೆಕ್ಕ ಸಿಕ್ಕಿದರೆ ಇನ್ನೊಂದು ಲೆಕ್ಕದ ಜೊತೆ ಇಟ್ಟು ನೋಡದೆ ಸಮಾಧಾನ ಇಲ್ಲ. ಹುಡುಕಿ ಓದಿದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಮಾಡಿದ ಅಧ್ಯಯನ ಒಂದು 1995ರಲ್ಲಿ ಪ್ರಕಟವಾಗಿದೆ. ಹೊಸದಾಗಿ ಬೆನ್ನು ನೋವು ಬಂದ 1,600ಕ್ಕೂ ಹೆಚ್ಚು ಜನ. ಕೆಲವರು ಸಾಮಾನ್ಯ ಡಾಕ್ಟರ್ ಹತ್ತಿರ ಹೋದವರು, ಕೆಲವರು ಎಲುಬಿನ ಡಾಕ್ಟರ್ ಹತ್ತಿರ, ಕೆಲವರು ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವ ಕೈರೊಪ್ರಾಕ್ಟರ್‌ಗಳ ಹತ್ತಿರ. ಗುಣವಾಗಲು ಎಲ್ಲರಿಗೂ ಹೆಚ್ಚು ಕಡಿಮೆ ಅಷ್ಟೇ ಸಮಯ ಬೇಕಾಯಿತು. ಖರ್ಚು ಮಾತ್ರ ಸಾಮಾನ್ಯ ಡಾಕ್ಟರ್ ಹತ್ತಿರ ಹೋದವರಿಗೆ ಎಲ್ಲಕ್ಕಿಂತ ಕಡಿಮೆ.

1998ರಲ್ಲಿ ಬಂದ ಇನ್ನೊಂದು ಅಧ್ಯಯನ ನನ್ನನ್ನು ಇನ್ನೂ ಜಾಸ್ತಿ ಯೋಚನೆಗೆ ಹಚ್ಚಿತು. ಒಂದು ಗುಂಪಿಗೆ ಫಿಸಿಯೋಥೆರಪಿ, ಒಂದು ಗುಂಪಿಗೆ ಕೈರೊಪ್ರಾಕ್ಟಿಕ್, ಇನ್ನೊಂದು ಗುಂಪಿಗೆ ಬೆನ್ನು ನೋವಿನ ಬಗ್ಗೆ ತಿಳಿಸುವ ಬರೀ ಒಂದು ಪುಸ್ತಿಕೆ. ಎರಡು ವರ್ಷದ ಖರ್ಚು ಮೊದಲ ಗುಂಪಿಗೆ ತಲಾ 437 ಡಾಲರ್, ಎರಡನೆಯದಕ್ಕೆ 429, ಪುಸ್ತಿಕೆಯ ಗುಂಪಿಗೆ 153. ಗುಣವಾಗುವುದರಲ್ಲಿ ಪುಸ್ತಿಕೆಯವರು ಸ್ವಲ್ಪವೇ ಹಿಂದೆ. ಅಲ್ಲಿಯ ಡಾಲರನ್ನು ಇಲ್ಲಿಯ ರೂಪಾಯಿಗೆ ಹೊಂದಿಸಲು ನಾನು ಹೋಗುವುದಿಲ್ಲ. ಅದು ಕಾಲಿಗೆ ಇಳಿಯದ ಸಾಮಾನ್ಯ ಬೆನ್ನು ನೋವಿನ ಲೆಕ್ಕ ಅನ್ನುವುದೂ ನೆನಪಿದೆ. ಆದರೆ ನಮ್ಮಲ್ಲಿ ಬೆನ್ನು ನೋವು ಅಂತ ಬರುವವರಲ್ಲಿ ಬಹಳ ಜನರದ್ದು ಅಂಥದ್ದೇ ನೋವು.

ಎಂಆರ್‌ಐ ಬಗ್ಗೆಯೂ ಓದಿದೆ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕ 2015ರಲ್ಲಿ ಪ್ರಕಟವಾಗಿದೆ. 20ರ ವಯಸ್ಸಿನವರಲ್ಲಿಯೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು. 80ರ ವಯಸ್ಸಿನಲ್ಲಿ ನೂರಕ್ಕೆ 96. ತಲೆಕೂದಲು ನರೆತ ಹಾಗೆ ಅದು. ಈ ಒಂದು ಮಾತನ್ನು ರಿಪೋರ್ಟಿನ ಜೊತೆಗೇ ಯಾರಾದರೂ ಹೇಳಿದ್ದರೆ ಅಮ್ಮ ಅಷ್ಟು ದಿನ ಹೆದರಿ ಮಲಗುತ್ತಿರಲಿಲ್ಲ. ಸುಮ್ನೆ ಕುತೂಹಲಕ್ಕೆ ಅದೇ ಎಂಆರ್‌ಐಗೆ ಎಷ್ಟು ಅಂತ ಇನ್ನೂ ಮೂರು ಕಡೆ ಫೋನ್ ಮಾಡಿದೆ. ಒಂದು ಕಡೆ 4,500 ಅಂದರು, ಇನ್ನೊಂದು ಕಡೆ 6,000. ಮೂರನೆಯ ಕಡೆ, ಡಾಕ್ಟರ್ ಚೀಟಿ ತಂದರೆ ಹೇಳುತ್ತೇವೆ ಅಂದರು.

ಸರ್, ನನಗೆ ಯಾವ ಡಾಕ್ಟರ ಮೇಲೂ ಸಿಟ್ಟಿಲ್ಲ. ಎಲುಬಿನ ಡಾಕ್ಟರೇ ಬೇಕಾಗುವ ನೋವುಗಳಿವೆ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ, ನೋವಿನ ಜೊತೆ ಜ್ವರ ಇದ್ದರೆ ರೇಟು ಹೋಲಿಸುತ್ತಾ ಕೂರಬಾರದು, ಕೂಡಲೇ ಆಸ್ಪತ್ರೆಗೆ ಓಡಬೇಕು. ಉಳಿದವರಿಗೆ ಮೊದಲು ಯಾವ ಬಾಗಿಲು ತಟ್ಟಬೇಕು, ಅಲ್ಲಿ ಒಟ್ಟು ಎಷ್ಟಾಗುತ್ತದೆ ಅನ್ನುವುದು ಒಳಗೆ ಹೋಗುವ ಮೊದಲೇ ಗೊತ್ತಿರಬೇಕು. ನಾನು ಕೇಳುವುದು ಇಷ್ಟೇ.

ಇದಕ್ಕೆ ಹೊಸ ಕಾನೂನೇನೂ ಬೇಡ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಇದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್ ತಮ್ಮ ದರಗಳನ್ನು ಜನರಿಗೆ ಕಾಣುವ ಹಾಗೆ ಹಾಕಬೇಕು ಅಂತ ಅದರಲ್ಲಿದೆ. 2017ರ ತಿದ್ದುಪಡಿಯ ಹೊತ್ತಿಗೆ ಡಾಕ್ಟರುಗಳ ಮುಷ್ಕರ ನಡೆದದ್ದು ನಮಗೆಲ್ಲ ನೆನಪಿದೆ. ಅಷ್ಟೆಲ್ಲ ಆಗಿ ಬಂದ ಕಾನೂನು ಕೌಂಟರಿನ ಹತ್ತಿರ ಕಾಣುವುದಿಲ್ಲ. ನಾವು ಹೋದ ದೊಡ್ಡ ಆಸ್ಪತ್ರೆಯಲ್ಲಿ ರೂಮಿನ ಬಾಡಿಗೆಯ ಬೋರ್ಡ್ ಇತ್ತು. ಎಂಆರ್‌ಐಗೆ ಎಷ್ಟು, ಫಿಸಿಯೋಥೆರಪಿಗೆ ಎಷ್ಟು ಅಂತ ಎಲ್ಲೂ ಇರಲಿಲ್ಲ. ಜಿಲ್ಲೆಯಲ್ಲಿ ಈ ಕಾಯ್ದೆಯ ನೋಂದಣಿ ಮತ್ತು ದೂರು ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರು ಈ ದರಗಳನ್ನು ತರಿಸಿ, ತಾಲ್ಲೂಕುವಾರು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಬಹುದು. ಡಾಕ್ಟರ್ ಫೀಸು, ಎಕ್ಸ್‌ರೇ, ಎಂಆರ್‌ಐ, ಫಿಸಿಯೋಥೆರಪಿಯ ಒಂದು ಸಿಟ್ಟಿಂಗು, ಕಟಿಬಸ್ತಿಯ ಒಂದು ದಿನ. ಸಾಮಾನ್ಯವಾಗಿ ಎಷ್ಟು ಸಿಟ್ಟಿಂಗ್ ಬೇಕು ಅನ್ನುವುದೂ ಅದರಲ್ಲಿ ಇರಲಿ. ಒಂದು ಸಲಕ್ಕೆ 250 ಅಂದರೆ ಅಗ್ಗ ಅನಿಸುತ್ತದೆ. ಮೂವತ್ತು ಸಲ ಕರೆಸಿದರೆ ಅದು ಅಗ್ಗವಲ್ಲ.

ದರ ಗೊತ್ತು ಮಾಡುವುದು ಸರ್ಕಾರಕ್ಕೆ ಹೊಸದೂ ಅಲ್ಲ. 2024ರಲ್ಲಿ ಡೆಂಗಿ ಜೋರಾದಾಗ ನಿಮ್ಮ ಇಲಾಖೆಯೇ ಡೆಂಗಿ ಪತ್ತೆ ಮಾಡುವ ಎನ್‌ಎಸ್‌1 ಎಲೈಸಾ ಟೆಸ್ಟಿಗೆ 300 ರೂಪಾಯಿ ಅಂತ ನಿಗದಿ ಮಾಡಿತು. 2017ರಲ್ಲಿ ಕೇಂದ್ರ ಸರ್ಕಾರ ಮೊಣಕಾಲಿಗೆ ಹಾಕುವ ಕೃತಕ ಕೀಲಿನ ಬೆಲೆ ಇಳಿಸಿತು. ಒಂದೂವರೆ ಲಕ್ಷಕ್ಕೂ ಮೇಲೆ ಮಾರುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ 54,720 ರೂಪಾಯಿ ಅಂತ ಆಯಿತು, ಜಿಎಸ್‌ಟಿ ಬೇರೆ. ನಾನು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ರೇಟು ಇಳಿಸುವ ಮೊದಲು ರೇಟು ಕಾಣಲಿ.

ಇನ್ನೊಂದು ಮಾತು ಹೇಳಲೇಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ನಮ್ಮಲ್ಲೂ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅದು ದೊಡ್ಡ ಆಸರೆ. ಆದರೆ ಅದು ಮುಖ್ಯವಾಗಿ ಅಡ್ಮಿಟ್ ಆಗುವ ಚಿಕಿತ್ಸೆಗೆ. ನಡೆದುಕೊಂಡು ಬಂದು, ವ್ಯಾಯಾಮ ಕಲಿತು, ನಡೆದುಕೊಂಡೇ ಹೋಗುವ ಸೊಂಟ ನೋವಿಗೆ ಕೈಯಿಂದಲೇ ಕೊಡಬೇಕು. ನೋವು ಜಾಸ್ತಿಯಾಗಿ ಆಪರೇಷನ್ನಿಗೆ ಬಂದರೆ ಕಾರ್ಡ್ ನಡೆಯುತ್ತದೆ. ಹಾಗಾಗದಂತೆ ತಡೆಯುವ ಆರು ಸಿಟ್ಟಿಂಗಿಗೆ ನಡೆಯುವುದಿಲ್ಲ.

ಹಾಗಾಗಿ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನವಾದರೂ ಒಬ್ಬ ಫಿಸಿಯೋಥೆರಪಿಸ್ಟ್ ಕೂರುವ ಹಾಗೆ ಮಾಡಿ. ನಮ್ಮ ಜಿಲ್ಲೆಗೆ ಇದು ಕಷ್ಟವಾಗಬಾರದು. ದಕ್ಷಿಣ ಕನ್ನಡದಲ್ಲಿ ಮೆಡಿಕಲ್ ಕಾಲೇಜುಗಳು ಎಂಟಕ್ಕೆ ಕಡಿಮೆ ಇಲ್ಲ, ಎಲ್ಲವೂ ಖಾಸಗಿ. ಫಿಸಿಯೋಥೆರಪಿ ಕಾಲೇಜುಗಳಿಗೂ ಕೊರತೆ ಇಲ್ಲ. 1848ರಿಂದ ಇರುವ ನಮ್ಮ ಸರ್ಕಾರಿ ಜಿಲ್ಲಾ ಆಸ್ಪತ್ರೆ ವೆನ್ಲಾಕ್‌ನಲ್ಲಿ ಖಾಸಗಿ ಕಾಲೇಜಿನ ಮಕ್ಕಳು ಹಲವು ದಶಕಗಳಿಂದ ಕಲಿಯುತ್ತಾ ಬಂದಿದ್ದಾರೆ. ಇಂಟರ್ನ್‌ಶಿಪ್ ಮಾಡುವ ಫಿಸಿಯೋಥೆರಪಿ ಮಕ್ಕಳನ್ನು ಹಾಗೆಯೇ ಹಳ್ಳಿಯ ಕೇಂದ್ರಗಳಿಗೂ ಕಳಿಸಬಹುದಲ್ಲವೇ? ಬೀಡಿ ಬ್ರಾಂಚಿನ ಜಗಲಿಯಲ್ಲೇ ಒಂದು ಗಂಟೆ ವ್ಯಾಯಾಮ ಕಲಿಸಿದರೂ ಸಾಕು. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವವರ ಕೈಗೆ ಸೊಂಟ ನೋವಿನ ಒಂದು ಪುಸ್ತಿಕೆಯನ್ನೂ ಕೊಡಿ. ಕನ್ನಡದಲ್ಲಿ ಮಾತ್ರವಲ್ಲ, ತುಳು, ಬ್ಯಾರಿ, ಕೊಂಕಣಿಯಲ್ಲಿ ಓದಿ ಹೇಳುವ ಹಾಗೆ ಇರಲಿ. ಅಮ್ಮನಂಥವರಿಗೆ ಅದು ಕಿವಿಗೆ ಬೀಳಬೇಕು.

ಮುಂದಿನ ಕೆಡಿಪಿ ಸಭೆಯಲ್ಲಿ (ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆಯಲ್ಲಿ) ಜಿಲ್ಲಾಧಿಕಾರಿಗಳನ್ನೂ ಜಿಲ್ಲಾ ಆರೋಗ್ಯಾಧಿಕಾರಿಗಳನ್ನೂ ಒಂದು ಪ್ರಶ್ನೆ ಕೇಳಿಸಿ ಸರ್: ಜಿಲ್ಲೆಯ ಎಷ್ಟು ಆಸ್ಪತ್ರೆ, ಕ್ಲಿನಿಕ್ಕುಗಳ ಗೋಡೆಯ ಮೇಲೆ ಹೊರರೋಗಿಗಳ ಚಿಕಿತ್ಸೆಯ ದರ ಕನ್ನಡದಲ್ಲಿ ಇದೆ? ಅವರು ಕೊಡುವ ಸಂಖ್ಯೆಯನ್ನು ಪತ್ರಿಕೆಗಳಿಗೂ ಕೊಡಿ. ನನ್ನ ಖರ್ಚಿನ ಪುಸ್ತಕದ ಜೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ. ಆಸ್ಪತ್ರೆಗಳ ಹೆಸರನ್ನು ಬಿಳಿ ಕಾಗದ ಅಂಟಿಸಿ ಮುಚ್ಚಿದ್ದೇನೆ. ಅಂಕಿಗಳೆಲ್ಲ ಇದ್ದ ಹಾಗೇ ಇವೆ. ಇಂಥ ಪುಸ್ತಕ ಬೀಡಿ ಕಟ್ಟುವ ನಮ್ಮ ನೆರೆಮನೆಯ ಇನ್ನೂ ಮೂವರು ಇಟ್ಟಿದ್ದಾರೆ. ನಿಮ್ಮ ಕಚೇರಿಯವರು ಕೇಳಿದರೆ ಅವನ್ನೂ ತಂದು ಕೊಡುತ್ತೇನೆ.

ಗೌರವಪೂರ್ವಕವಾಗಿ,
ಒಬ್ಬ ಗಣಿತ ಶಿಕ್ಷಕಿ,
ಕಾವೂರು, ಮಂಗಳೂರು