ಹಳೆ ಕಾರಿಗೆ ಹೊಸ ಎಂಜಿನ್: ಬಾಗಿಲು ತೆರೆಯಿರಿ, ಬ್ರೇಕ್ ನೋಡಿ ಒಳಗೆ ಬಿಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ 1978ರ ಅಂಬಾಸಿಡರ್ ಇದೆ. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗ ನಾನು ಓಡಿಸುತ್ತೇನೆ, ಭಾನುವಾರ ಸಿದ್ದಗಂಗೆಗೆ, ಹಬ್ಬಕ್ಕೆ ಗುಬ್ಬಿಗೆ, ಅಷ್ಟೇ. ಆದರೆ ಯಾವ ಗ್ಯಾರೇಜಿಗೆ ಹೋದರೂ ಒಂದೇ ಮಾತು. "ಸಾರ್, ಈ ಎಂಜಿನ್ ಎತ್ತಿ ಹೊಸದು ಕೂರಿಸಿಬಿಡೋಣ, ಆರಾಮಾಗಿ ಓಡಿಸಿ." ನನಗೂ ಆಸೆ ಇಲ್ಲ ಅಂತಲ್ಲ. ಎರಡು ವರ್ಷದಿಂದ ಇದರ ಬಗ್ಗೆಯೇ ಯೋಚಿಸುತ್ತಿದ್ದೇನೆ.

ಯಾಕೆ ಅಂದರೆ ಈ 1489 ಸಿಸಿ ಎಂಜಿನ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಕಾಲದ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್. ಸೀಸ ಬೆರೆಸಿದ ಪೆಟ್ರೋಲ್ ಸಿಗುತ್ತಿದ್ದ ಕಾಲದ್ದು. ಎಂಜಿನ್ ಒಳಗೆ ವಾಲ್ವ್ ಬಂದು ಕೂರುವ ಜಾಗ (ವಾಲ್ವ್ ಸೀಟು) ಸವೆಯದಂತೆ ಆ ಸೀಸ ಕಾಪಾಡುತ್ತಿತ್ತು. 2000ನೇ ಇಸವಿಯ ಫೆಬ್ರವರಿಯಿಂದ ದೇಶದಲ್ಲಿ ಅದು ನಿಂತಿತು. ಈಗ ಬಂಕಿನಲ್ಲಿ ಶೇ 20 ಎಥನಾಲ್ ಇರುವ ಪೆಟ್ರೋಲ್. ಅದು ಹಳೆ ರಬ್ಬರಿಗೆ ಆಗಿಬರುವುದಿಲ್ಲ. ಹೋದ ಬೇಸಿಗೆಯಲ್ಲಿ ಪೆಟ್ರೋಲ್ ಪೈಪ್ ಬಿಚ್ಚಿದರೆ ತುದಿ ಕೈಯಲ್ಲೇ ಪುಡಿಪುಡಿ ಆಯಿತು, ಕೆಳಗೆ ಬಿಸಿ ಸೈಲೆನ್ಸರ್ ಪೈಪ್ ಇದೆ, ನೆನೆಸಿಕೊಂಡರೆ ಈಗಲೂ ಭಯ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯಬೇಕು.

ಹಾಗಾಗಿ ಎಂಜಿನ್ ಬದಲಿಸುವವರನ್ನು ನಾನು ಬೈಯುವುದಿಲ್ಲ. ಮನೆಯ ಕಾರು ಗುಜರಿಗೆ ಹೋಗದೆ ದಿನಾ ರಸ್ತೆಯಲ್ಲಿರಲಿ ಅಂತ ಮಾಡುತ್ತಾರೆ. ಕಂಪನಿಗಳೇ ಮಾಡಿವೆ. ಅಂಬಾಸಿಡರ್‌ಗೆ 1990ರ ದಶಕದಲ್ಲಿ ಇಸುಜು 1.8 ಲೀಟರ್ ಎಂಜಿನ್, ಐದು ಗೇರ್ ಬಂತು, ಬಾಡಿ ಅದೇ ಹಳೇದು. ಪ್ರೀಮಿಯರ್‌ನವರು 1985ರಲ್ಲಿ ಫಿಯೆಟ್ 124ರ ಬಾಡಿಗೆ ನಿಸಾನ್ ಎಂಜಿನ್ ಇಟ್ಟು 118 ಎನ್‌ಇ ಮಾಡಿದರು. ಆದರೆ ಅದನ್ನೆಲ್ಲ ಎಂಜಿನಿಯರುಗಳು ಲೆಕ್ಕ ಹಾಕಿ, ಓಡಿಸಿ ನೋಡಿ ಮಾಡಿದ್ದರು. ನಮ್ಮಲ್ಲಿ ಶೆಡ್ಡಿನೊಳಗೆ ಎರಡು ವಾರದಲ್ಲಿ ಮುಗಿಯುತ್ತದೆ. ನೋಡುವವರು ಯಾರೂ ಇಲ್ಲ.

ಅಣ್ಣನ ಮಗ ಹೀಗೇ ಒಂದು ಪ್ರೀಮಿಯರ್ ಪದ್ಮಿನಿ ಕಾರಿಗೆ ಎಂಜಿನ್ ಬದಲಿಸಿದ. ಮೊದಲಿದ್ದದ್ದು 1089 ಸಿಸಿ, ಸುಮಾರು 40 ಎಚ್‌ಪಿ. ಕೂರಿಸಿದ್ದು ಮಾರುತಿ ಜಿಪ್ಸಿಯ 1.3 ಲೀಟರ್ ಇಂಜೆಕ್ಷನ್ ಎಂಜಿನ್, 80 ಎಚ್‌ಪಿ. ಕೆಲಸ ಚೆನ್ನಾಗಿಯೇ ಇತ್ತು. ಈಗಿನ ಚಿಕ್ಕ ಕಾರುಗಳ ಎಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ, ಹಳೆ ಕಾರಿಗೆ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಎಂಜಿನ್ನೇ ಬೇಕು, ಅದಕ್ಕೇ ಜಿಪ್ಸಿಯದು ಆರಿಸಿದ್ದ. ಮೌಂಟಿಂಗ್ ಹೊಸದಾಗಿ ವೆಲ್ಡ್ ಮಾಡಿದ್ದರು, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್ ಅಳತೆಗೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿದ್ದರು, ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಬೇರೆ ವೈರಿಂಗ್, ದೊಡ್ಡ ರೇಡಿಯೇಟರ್, ಎಲ್ಲಾ ಇತ್ತು. ಬ್ರೇಕ್ ಮಾತ್ರ ಹಳೇದು. ನಾಲ್ಕೂ ಚಕ್ರಕ್ಕೆ ಡ್ರಮ್, ಅಂದರೆ ತಿರುಗುವ ಡಬ್ಬಿಯ ಒಳಗೋಡೆಗೆ ಲೈನರ್ ಎಂಬ ಪಟ್ಟಿ ಒತ್ತಿ ನಿಲ್ಲಿಸುವ ಹಳೆ ಬಗೆ.

ಡಾಬಸ್‌ಪೇಟೆಯಿಂದ ವಾಪಸ್ ಬರುತ್ತಿದ್ದೆವು. ಕಾರು 90ರಲ್ಲಿತ್ತು, ಸದ್ದೇ ಇಲ್ಲ, ಅವನಿಗೆ ಖುಷಿಯೋ ಖುಷಿ. ಕ್ಯಾತ್ಸಂದ್ರ ಟೋಲ್ ಹತ್ತಿರ ಮುಂದಿದ್ದ ಲಾರಿ ದಿಢೀರನೆ ನಿಧಾನ ಮಾಡಿತು. ಇವನು ಬ್ರೇಕ್ ಒತ್ತಿದ. ಕಾರು ಮೊದಲು ಎಡಕ್ಕೆ ಎಳೆಯಿತು, ಆಮೇಲೆ ಪೆಡಲ್ ಕೆಳಗೆ ಹೋಯಿತು, ಎತ್ತಿ ಇನ್ನೊಮ್ಮೆ ಒತ್ತಿದ, ನಾನು ಡ್ಯಾಶ್‌ಬೋರ್ಡ್ ಹಿಡಿದು ಕಾಲಿನಿಂದ ಇಲ್ಲದ ಬ್ರೇಕ್ ತುಳಿಯುತ್ತಿದ್ದೆ. ಕೊನೆಗೆ ನಿಂತಾಗ ಲಾರಿಯ ಹಿಂಬದಿಗೂ ನಮ್ಮ ಬಾನೆಟ್ಟಿಗೂ ಒಂದು ಮೊಳ ಇತ್ತು. ಇಳಿದು ನೋಡಿದೆ. ಮುಂದಿನ ಚಕ್ರದ ಹತ್ತಿರ ಕೈ ಒಯ್ದರೆ ಒಲೆ ಮುಂದೆ ಕೂತ ಹಾಗೆ ಶಾಖ. ಲೈನರ್ ಸುಟ್ಟ ವಾಸನೆ ಮನೆ ಮುಟ್ಟುವವರೆಗೂ ಹೋಗಲಿಲ್ಲ. ವೇಗ 60ರಿಂದ 90ಕ್ಕೆ ಹೋದರೆ ಒಂದೂವರೆ ಪಟ್ಟು ಆಯಿತು, ಆದರೆ ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು ಆಗುತ್ತದೆ. ಆ ಡ್ರಮ್‌ಗಳನ್ನು ಅಂಥ ಓಟಕ್ಕೆ ಮಾಡಿರಲಿಲ್ಲ.

ಈ ಕೆಲಸ ಯಾಕೆ ಕದ್ದುಮುಚ್ಚಿ ನಡೆಯುತ್ತದೆ ಅಂದರೆ ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಲೂ ಸೇರಿತು. ಆರ್‌ಟಿಒ ಒಪ್ಪಿಗೆ ಪಡೆದು ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಹಾಕಿಸಬಹುದು. ಮಂಜೂರಾದ ಕಿಟ್ ಇದ್ದರೆ ಸಿಎನ್‌ಜಿ ಹಾಕಬಹುದು, ಎಂಜಿನ್ನೇ ಕಿತ್ತು ಬ್ಯಾಟರಿ ಕೂಡ ಇಡಬಹುದು. ಆದರೆ ನನ್ನ 1978ರ ಅಂಬಾಸಿಡರ್‌ಗೆ, ಅದೇ ಕಂಪನಿ ಅದೇ ಬಾಡಿಗೆ ಕೂರಿಸಿ ಮಾರಿದ ಇಸುಜು ಎಂಜಿನ್ ಹಾಕಲು ದಾರಿ ಇಲ್ಲ. ಇದು ನನಗೆ ಸರಿ ಕಾಣುತ್ತಿಲ್ಲ.

ದಾರಿ ಮುಚ್ಚಿದ್ದರಿಂದ ಜನ ಬಿಟ್ಟಿದ್ದಾರಾ? ಇಲ್ಲ. ಎಂಜಿನ್ ನಂಬರ್ ಒಂದು, ಆರ್‌ಸಿ ನಂಬರ್ ಇನ್ನೊಂದು. ಅಪಘಾತ ಆದರೆ ವಿಮೆಯವರು ಮೊದಲು ನೋಡುವುದು ಅದನ್ನೇ. ಗುಜರಿಯಿಂದ ಬಂದ ಎಂಜಿನ್ ಯಾರ ಕಾರಿನದ್ದು, ಕದ್ದದ್ದಾ, ಅದನ್ನೂ ಯಾರೂ ಕೇಳುವುದಿಲ್ಲ. ನನ್ನ ಅಣ್ಣನ ಮಗ ಹುಡುಗಾಟದವನಲ್ಲ. ಬ್ರೇಕ್ ಬದಲಿಸದೆ ನಂಬರ್ ಕೊಡಲ್ಲ ಅಂತ ಒಬ್ಬ ಇನ್‌ಸ್ಪೆಕ್ಟರ್ ಹೇಳಿದ್ದರೆ ಮರುದಿನವೇ ಡಿಸ್ಕ್ ಬ್ರೇಕ್ ಹಾಕಿಸುತ್ತಿದ್ದ. ಕೊನೆಗೆ ಆ ಟೋಲ್ ಹತ್ತಿರದ ಲಾರಿ ನೋಡಿದ ಮೇಲೆ ಹಾಕಿಸಿದ.

ಸಾರಿಗೆ ಇಲಾಖೆಯವರಲ್ಲಿ ನನ್ನ ಕೇಳಿಕೆ ಇಷ್ಟೇ. ಆ 52ನೇ ಸೆಕ್ಷನ್ನಿನಲ್ಲೇ ಕೇಂದ್ರ ಸರ್ಕಾರ ನಿರ್ದಿಷ್ಟ ಉದ್ದೇಶಕ್ಕೆ ವಿನಾಯಿತಿ ಕೊಡಬಹುದು ಅಂತ ಇದೆ. ಹಳೆ ಕಾರುಗಳಿಗೆ ಅದನ್ನು ಕೊಡಿ ಅಂತ ರಾಜ್ಯದಿಂದ ಬರೆಯಿರಿ. ಯಾವ ಕಾರಿಗೆ ಯಾವ ಎಂಜಿನ್ ಅಂತ ಪಟ್ಟಿ ಮಾಡಿ. ಎಂಜಿನ್ ಕೊಂಡ ಕಾಗದ ಕೇಳಿ. ಬ್ರೇಕ್, ಮುಂದಿನ ಸ್ಪ್ರಿಂಗ್, ವೆಲ್ಡಿಂಗ್, ಹೊಗೆ, ಎಲ್ಲಾ ನೋಡಿ, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ಬರೆಯಿರಿ. ಫೀಸ್ ಜಾಸ್ತಿ ಆದರೂ ಕೊಡುತ್ತೇವೆ.

ಮೂಲ ಎಂಜಿನ್ ಇಟ್ಟುಕೊಳ್ಳುವವರಿಗೆ ಈಗಾಗಲೇ ಒಂದು ದಾರಿ ಇದೆ, ಅದು ಒಳ್ಳೆಯದೇ. 2021ರ ನಿಯಮದಂತೆ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಬದಲಾಗದ ಕಾರಿಗೆ 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ 'ವಿಎ' ಅಕ್ಷರದ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಆ ಕಾರನ್ನು ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್‌ಗೆ ಮಾತ್ರ. ನನ್ನ ಕಾರಿಗೆ 2028ಕ್ಕೆ 50 ತುಂಬುತ್ತದೆ. ಅಪ್ಪ ಓಡಿಸಿದ ಎಂಜಿನ್ ಉಳಿಸಿಕೊಂಡು ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯಬೇಕಾ, ಇಲ್ಲ ಹೊಸ ಎಂಜಿನ್ ಹಾಕಿಸಿ ದಿನಾ ಓಡಿಸಬೇಕಾ ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ. ಎರಡನೆಯದಕ್ಕೂ ನ್ಯಾಯವಾದ ದಾರಿ ಇದ್ದರೆ ತಾನೇ ಆರಿಸಿಕೊಳ್ಳುವುದು?

ಇದಕ್ಕಾಗಿ ಆರ್‌ಟಿಒ ಕಚೇರಿಯವರು ಒಂದು ದಿನ ಹಳೆ ಕಾರಿನವರನ್ನೆಲ್ಲ ಕರೆದರೆ ನಾನು ಕಾರು ತರುತ್ತೇನೆ. ಅಣ್ಣನ ಮಗ ಸುಟ್ಟುಹೋದ ಆ ಲೈನರ್‌ಗಳನ್ನು ಎಸೆದಿಲ್ಲ, ಅವನ್ನೂ ತರುತ್ತೇನೆ.

– ಅಂಬಾಸಿಡರ್ ಮಾಲೀಕ, ಬಟವಾಡಿ, ತುಮಕೂರು